ಗಂಟಲು ಕೂತ ದಿನ ರಜೆ ಕೇಳುವ ಕಷ್ಟ

ಬೆಳಿಗ್ಗೆ ಎದ್ದು ಉಗುಳು ನುಂಗಿದಾಗಲೇ ಗೊತ್ತಾಗುತ್ತದೆ, ಇವತ್ತು ಯಾಕೋ ಸರಿಯಿಲ್ಲ ಎಂದು. ಕಾಫಿ ಇಳಿಸಿದರೂ ಮುಳ್ಳು ನುಂಗಿದ ಹಾಗೆ. ಅದಕ್ಕಿಂತ ಕಷ್ಟದ ಕೆಲಸ ಇನ್ನೂ ಬಾಕಿಯಿರುತ್ತದೆ: ಮೇಲಿನವರಿಗೆ ಫೋನ್ ಮಾಡಿ ರಜೆ ಕೇಳುವುದು. "ಸರ್, ಗಂಟಲು ನೋವು, ಬರೋಕಾಗಲ್ಲ" ಎಂದರೆ ಆ ಕಡೆ ಅರೆಕ್ಷಣ ಮೌನ. ಆ ಮೌನಕ್ಕೆ ಹೆದರಿ ಇಲ್ಲದ ಜ್ವರವನ್ನೂ ಸೇರಿಸುವವರೇ ಜಾಸ್ತಿ. ಕಾಲು ಮುರಿದರೆ ಕಟ್ಟು ಕಾಣುತ್ತದೆ, ಡೆಂಗಿಯಾದರೆ ಪ್ಲೇಟ್‌ಲೆಟ್ ಲೆಕ್ಕದ ಚೀಟಿಯಿರುತ್ತದೆ. ಗಂಟಲು ನೋವಿಗೆ ಸಾಕ್ಷಿ ಎಲ್ಲಿಂದ ತರುವುದು?

ವೈದ್ಯರಿಗೂ ಈ ಸಾಕ್ಷಿಯ ಪ್ರಶ್ನೆ ಹೊಸದಲ್ಲ. ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್ಸಿನವು, ನೆಗಡಿಯ ದಾಯಾದಿಗಳು. 'ಸ್ಟ್ರೆಪ್' ಎಂದು ಕರೆಯುವ ಬ್ಯಾಕ್ಟೀರಿಯಾ ಕಾರಣವಾಗುವುದು ದೊಡ್ಡವರಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಮಾತ್ರ; ಶಾಲೆಗೆ ಹೋಗುವ ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು. ಎರಡನ್ನೂ ಬೇರೆ ಮಾಡಲು ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು 1981ರಲ್ಲಿ ನಾಲ್ಕು ಗುರುತುಗಳನ್ನು ಮುಂದಿಟ್ಟರು. ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯ ಮುಂಭಾಗದಲ್ಲಿ ಒತ್ತಿದರೆ ನೋಯುವ ಗಂಟು, ನಾಲ್ಕನೆಯದು ಕೆಮ್ಮು ಇಲ್ಲದಿರುವುದು. ಈ ಕೊನೆಯದೇ ಸ್ವಾರಸ್ಯ. ಕೆಮ್ಮು, ಸೋರುವ ಮೂಗು ಜೊತೆಗಿದ್ದರೆ ಮನೆಯವರ ಗಾಬರಿ ಹೆಚ್ಚುತ್ತದೆ, ವೈದ್ಯರ ಅನುಮಾನ ಕಡಿಮೆಯಾಗುತ್ತದೆ. ಅದು ಬಹುತೇಕ ವೈರಸ್ಸೇ.

ವೈರಸ್ಸಿಗೆ ಆ್ಯಂಟಿಬಯೋಟಿಕ್ ಮುಟ್ಟುವುದಿಲ್ಲ. ಆದರೂ ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ "ಗಂಟಲು ನೋವು" ಎಂದರೆ ಸಾಕು, ಅಜಿತ್ರೊಮೈಸಿನ್ ಸ್ಟ್ರಿಪ್ ಕೈಗೆ ಬರುವುದುಂಟು. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ ಎಂಬುದು ಕಾಗದದ ಮೇಲಿನ ಮಾತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯ ಪ್ರಕಾರ ಆ್ಯಂಟಿಬಯೋಟಿಕ್ ನುಂಗಿದರೆ ಗಂಟಲು ನೋವಿನ ಅವಧಿ ಕಡಿಮೆಯಾಗುವುದು ಸರಾಸರಿ ಸುಮಾರು 16 ಗಂಟೆ. ಏನೂ ನುಂಗದವರಲ್ಲೂ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಒಂದು ವಾರದಲ್ಲಿ ಚೇತರಿಸಿಕೊಂಡಿದ್ದರು.

ಇಷ್ಟು ಹೇಳಿದ ಮೇಲೆ ಸ್ಟ್ರೆಪ್ ಬಗ್ಗೆ ಉದಾಸೀನ ಬೇಡ. ಮಕ್ಕಳಲ್ಲಿ ಅದನ್ನು ಹಾಗೆಯೇ ಬಿಟ್ಟರೆ ಎರಡು ಮೂರು ವಾರದ ನಂತರ ಸಂಧಿವಾತ ಜ್ವರವಾಗಿ ತಿರುಗಿ ಹೃದಯದ ಕವಾಟಗಳನ್ನು ಕೆಡಿಸಬಹುದು. ನಮ್ಮ ದೇಶದಲ್ಲಿ ಆ ಕಾಯಿಲೆ ಇನ್ನೂ ಹೋಗಿಲ್ಲ. ಸ್ಟ್ರೆಪ್‌ಗೆ ಬೇಕಾಗುವುದು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಸಾಮಾನ್ಯವಾಗಿ ಪೂರ್ತಿ 10 ದಿನ. ಗಂಟಲಿನ ಇನ್ನೊಂದು ಕಾಯಿಲೆಗೆ ಹಳಬರು ಮಾರಿಯ ಹೆಸರನ್ನೇ ಇಟ್ಟಿದ್ದರು, ಗಂಟಲಮಾರಿ ಎಂದು. ಗಂಟಲೊಳಗೆ ಬೂದು ಪೊರೆ ಕಟ್ಟಿ ಉಸಿರು ಮುಚ್ಚುವ ಡಿಫ್ತೀರಿಯಾ ಅದು. ಇವತ್ತು ಕೂಸಿಗೆ 6, 10, 14ನೇ ವಾರ ಹಾಕಿಸುವ ಲಸಿಕೆಯಲ್ಲಿ ಅದಕ್ಕೂ ತಡೆ ಇದೆ. ಉಗುಳೂ ಇಳಿಯದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಉಸಿರಾಡಲು ಕಷ್ಟವಾಗುವುದು, ಇವು ಕಂಡರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಉಳಿದವರಿಗೆ ಕಷಾಯವೇ ಸರಿ. ಶುಂಠಿ, ಕಾಳುಮೆಣಸು ವೈರಸ್ಸನ್ನು ಕೊಲ್ಲುವುದಿಲ್ಲ, ಬಿಸಿನೀರು ಒಣಗಿದ ಗಂಟಲಿಗೆ ಹಿತ ಕೊಡುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದೂ ಹಾಗೆಯೇ. ಜೇನುತುಪ್ಪ ಒಳ್ಳೆಯದೇ, ಆದರೆ ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಕೂಡದು. ನೋವು ತಾಳಲಾಗದಿದ್ದರೆ ಪ್ಯಾರಾಸಿಟಮಾಲ್ ಇದೆ; ಬೆಂಗಳೂರಿನ ಕಂಪನಿಯೇ ತಯಾರಿಸುವ ಡೋಲೋ-650 ಅದೇ ಮದ್ದು. ಅಂದಮೇಲೆ ಎರಡನ್ನೂ ಒಟ್ಟಿಗೆ ನುಂಗಿ ಡೋಸ್ ಇಮ್ಮಡಿ ಮಾಡಿಕೊಳ್ಳುವುದು ಬೇಡ.

ಆದರೆ ಅಂಗಡಿಯಲ್ಲಿ ಸಿಗದ ಮದ್ದು ಒಂದಿದೆ, ಮಾತಾಡದಿರುವುದು. ಐವತ್ತು ಮಕ್ಕಳ ಮುಂದೆ ಕೂಗಿ ಪಾಠ ಹೇಳುವ ಟೀಚರ್, "ಮುಂದೆ ಹೋಗ್ರೀ, ಮುಂದೆ ಹೋಗ್ರೀ" ಎನ್ನುವ ಕಂಡಕ್ಟರ್, ಕಾಲ್ ಸೆಂಟರಿನಲ್ಲಿ ರಾತ್ರಿಯಿಡೀ ಹೆಡ್‌ಫೋನ್ ಹಾಕಿ ಕೂತ ಹುಡುಗಿ, ಇವರಿಗೆ ಗಂಟಲೇ ಕಸುಬಿನ ಸಲಕರಣೆ. ಸ್ವರ ಕೂತ ಮೇಲೂ ಎಳೆದಾಡಿಸಿದರೆ ಎರಡು ದಿನದ ತೊಂದರೆ ಎರಡು ವಾರ ಹಿಡಿಯುತ್ತದೆ. ಇವರ ರಜೆಯನ್ನು ಜ್ವರದ ಅಳತೆಗೋಲಿನಿಂದ ಅಳೆಯುವುದೇ ತಪ್ಪು. ಸ್ಟ್ರೆಪ್ ಆಗಿದ್ದವರಂತೂ ಮದ್ದು ಶುರುವಾಗಿ ಒಂದು ದಿನವಾದರೂ ಮನೆಯಲ್ಲಿರಬೇಕು, ಪಕ್ಕದ ಕುರ್ಚಿಯವರ ದೃಷ್ಟಿಯಿಂದ.

ರಜೆಯ ಕಾನೂನು ಎಲ್ಲರಿಗೂ ಒಂದೇ ಅಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸಿಗೆ ಇಎಸ್‌ಐ ಇದೆ. ಕಾಯಿಲೆ ಬಿದ್ದರೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಗಂಟಲು ನೋವಿಗೆ ಬೇಕಾದ ರಜೆಯೇ ಆ ಎರಡು ದಿನ! ಹಾಗಾಗಿ 20 ದಿನ ದುಡಿದು ಗಳಿಸಿದ ಒಂದು ದಿನದ ರಜೆಯನ್ನು ಮುರಿದುಕೊಳ್ಳಬೇಕು, ಇಲ್ಲವೇ ಕೆಮ್ಮುತ್ತಲೇ ಮಿಷನ್ ಮುಂದೆ ಕೂರಬೇಕು. ಬ್ರಿಟನ್ನಿನಲ್ಲಿ ಏಳು ದಿನದವರೆಗೆ ನೌಕರರು ತಮ್ಮ ಕಾಯಿಲೆಯನ್ನು ತಾವೇ ಬರೆದುಕೊಟ್ಟರಾಯಿತು, ವೈದ್ಯರ ಪತ್ರ ಬೇಕಿಲ್ಲ. ಇಲ್ಲಿ ಒಂದು ದಿನಕ್ಕೂ ಸರ್ಟಿಫಿಕೇಟ್ ಕೇಳುವ ಕಚೇರಿಗಳಿವೆ. ಆ ಕಾಗದಕ್ಕಾಗಿ ಕ್ಲಿನಿಕ್‌ಗೆ ಹೋದವರು ಬೇಡದ ಮಾತ್ರೆಯನ್ನೂ ಹೊತ್ತು ಬರುತ್ತಾರೆ.

ಅಂಗಡಿ, ಹೋಟೆಲು, ಖಾಸಗಿ ಆಫೀಸುಗಳಲ್ಲಿ ದುಡಿಯುವವರ ಸ್ಥಿತಿ ಸ್ವಲ್ಪ ಮೇಲು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಅವರಿಗೆ ಗಳಿಕೆ ರಜೆಯಲ್ಲದೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಕೊಡುತ್ತದೆ. ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದೇ ಸಕಾರಣಕ್ಕೆ ಅದನ್ನು ಪಡೆಯಬಹುದು. ಆ ಫೋನಿನಲ್ಲಿ ಜ್ವರವನ್ನು ಸೇರಿಸಲೇಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ.