ಪುಟ್ಟ ಟ್ರಾಕ್ಟರಿಗೆ ಎಷ್ಟು ಉಸಿರು ಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಿಪ್ಪುನೇರಳೆ ತೋಟಗಳಿಗೆ ಪುಟ್ಟ ಟ್ರಾಕ್ಟರು ಅನುಕೂಲವಾದುದು. ಅದರ ಡೀಸೆಲ್ ಎಂಜಿನ್ನಿಗೆ ಇರುವುದಕ್ಕಿಂತ ದೊಡ್ಡ ಟರ್ಬೋಚಾರ್ಜರನ್ನು ಜೋಡಿಸಿದರೆ ಬಲ ಹೆಚ್ಚುವುದೇ? ವಿಚಾರ ಮಾಡೋಣ.

ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಸುಮಾರು 900 ಮೀಟರ್ ಎತ್ತರದ ಮಾಗಡಿಯಲ್ಲಿ ವಾಯುವಿನ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ. ಎಂಜಿನ್ನಿನ ಉಸಿರೂ ಅಷ್ಟು ಕಿರಿದು. ಉಸಿರನ್ನು ಹಿಗ್ಗಿಸುವ ಉಪಾಯವೊಂದಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಕೋರಿದನು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ.

ಆದರೆ ಪುಟ್ಟ ಎಂಜಿನ್ನಿನ ಅನಿಲ ದೊಡ್ಡ ಚಕ್ರವನ್ನು ಬೇಗನೆ ತಿರುಗಿಸಲಾರದು. ನೇಗಿಲು ಗಟ್ಟಿನೆಲಕ್ಕೆ ಸಿಕ್ಕು ವೇಗ ಕುಂದಿದಾಗ ಗಾಳಿ ಸಾಲದೆ ಇಂಧನ ಕರಿಹೊಗೆಯಾಗುತ್ತದೆ. ಚಕ್ರ ತೀರ ಚಿಕ್ಕದಾದರೆ ಅನಿಲದ ದಾರಿ ಇಕ್ಕಟ್ಟಾಗಿ, ಅದು ಮಿತಿಮೀರಿ ತಿರುಗಿ ಕೆಡಬಹುದು.

ಮೇಲಾಗಿ, ಗಾಳಿಯೊಂದೇ ಬಲವನ್ನು ಕೊಡದು. ಡೀಸೆಲನ್ನೂ ಹೆಚ್ಚಿಸಬೇಕು, ಆಗ ಹೆಚ್ಚುವ ಶಾಖವನ್ನೂ ಒತ್ತಡವನ್ನೂ ಪಿಸ್ಟನ್ನು ತಾಳಬೇಕು. ಸಾಲಮಾಡಿ ಕೊಂಡ ಟ್ರಾಕ್ಟರು ಉಳುವ ಕಾಲದಲ್ಲಿ ಕೆಟ್ಟು ನಿಂತರೆ ನಷ್ಟ ರೈತನದೇ. ಆದುದರಿಂದ ಎಂಜಿನ್ನಿನ ಗಾತ್ರವನ್ನೂ ಅದು ದುಡಿಯುವ ವೇಗವನ್ನೂ ನೋಡಿ, ಅವೆರಡಕ್ಕೂ ಹೊಂದುವ ಟರ್ಬೋವನ್ನೇ ಆರಿಸಬೇಕು.