ಲೂಸಿ ಎಂಬ ಕುದುರೆ ಎತ್ತಿ ನಿಲ್ಲಿಸಿದ ಮನೆ

ಛಾವಣಿ ನೋಡುತ್ತ ನಡೆದರೆ ಮೆಟ್ಟಿಲು ಎಡವುತ್ತೀರಿ, ಮೆಟ್ಟಿಲು ನೋಡುತ್ತ ನಡೆದರೆ ಛಾವಣಿ ತಪ್ಪಿಹೋಗುತ್ತದೆ! ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಡಾಯ್ಲ್ಸ್‌ಟೌನ್ ಎಂಬ ಊರಿನ ‘ಫಾಂಟ್‌ಹಿಲ್’ ಮನೆ ಹೊಕ್ಕವರ ಪೀಕಲಾಟವೇ ಇದು. ಎಲ್ಲಿ ನೋಡೋಣ, ಯಾವುದನ್ನು ಬಿಡೋಣ? 44 ಕೋಣೆ, 32 ಕಡೆ ಮೆಟ್ಟಿಲು, 18 ಅಗ್ಗಿಷ್ಟಿಕೆ, 200ಕ್ಕೂ ಹೆಚ್ಚು ಕಿಟಕಿ. ಕಿಟಕಿಗಳೋ, ಅಳತೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಗೋಡೆ, ಕಂಬ, ಕಮಾನು ಎಲ್ಲವೂ ಕಾಂಕ್ರೀಟ್. ಅದೇನೋ ಸರಿ ಅನ್ನಿ. ಆದರೆ ಪುಸ್ತಕದ ಕಪಾಟೂ ಕಾಂಕ್ರೀಟ್! ಬಟ್ಟೆಯಿಡುವ ಬೀರುವೂ ಕಾಂಕ್ರೀಟ್! ಎಳೆದು ತೆಗೆಯುವ ಡ್ರಾಯರಿಗೆ ಮಾತ್ರ ಮರ.

ಇದನ್ನು ಕಟ್ಟಿದ ಹೆನ್ರಿ ಚಾಪ್‌ಮನ್ ಮರ್ಸರ್ ಎಂಜಿನಿಯರ್ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ. 1856ರಲ್ಲಿ ಹುಟ್ಟಿದ ಈ ಮಹಾಶಯ ಕಾನೂನು ಓದಿ, ವಕೀಲಿಕೆಗೆ ಬೆನ್ನು ತಿರುಗಿಸಿ, ಪುರಾತತ್ವದ ಬೆನ್ನು ಹತ್ತಿ ಮೆಕ್ಸಿಕೋದ ಯುಕಾಟಾನ್ ಗುಹೆಗಳವರೆಗೂ ಹೋಗಿ ಬಂದವನು. ಆಮೇಲೆ ಕುಂಬಾರಿಕೆಯ ಹುಚ್ಚು ಹಿಡಿಯಿತು. ಕೈಯಲ್ಲೇ ಟೈಲ್ಸ್ ಮಾಡುವ ಕಾರ್ಖಾನೆ ಶುರುಮಾಡಿದ. ತಾಯಿಯ ಶ್ರೀಮಂತ ಸೋದರಿಯ ಆಸ್ತಿ ಕೈಸೇರಿದಾಗ ಮನೆಯ ಹುಚ್ಚೂ ಸೇರಿಕೊಂಡಿತು. 1908ರಿಂದ 1912ರವರೆಗೆ ಕೆಲಸ ನಡೆಯಿತು. ಕುಶಲ ಗಾರೆಯವರು ಯಾರೂ ಇಲ್ಲ, ಎಂಟು ಹತ್ತು ಮಂದಿ ಕೂಲಿಯಾಳುಗಳು. ಜೊತೆಗೆ ಲೂಸಿ ಎಂಬ ಕುದುರೆ! ಅದು ಹಗ್ಗ ಎಳೆದರೆ ಕಲಸಿದ ಕಾಂಕ್ರೀಟು ರಾಟೆಯ ಮೇಲೆ ಅಂತಸ್ತಿನಿಂದ ಅಂತಸ್ತಿಗೆ ಏರುತ್ತಿತ್ತು. ಈ ಅರಮನೆಯ ಕ್ರೇನು ಅದೊಂದೇ.

ನಕ್ಷೆ? ಮರ್ಸರ್ ಮೊದಲು ಕೋಣೆಗಳನ್ನು ಒಂದೊಂದಾಗಿ ಊಹಿಸಿಕೊಂಡ. ಕೋಣೆಗೊಂದರಂತೆ ಜೇಡಿಮಣ್ಣಿನ ತುಂಡು ಮಾಡಿ, ಪಕ್ಕಪಕ್ಕ ಇಟ್ಟು, ಮೇಲೆ ಕೆಳಗೆ ಸರಿಸಿ, ಎಲ್ಲ ಒಗ್ಗಿದ ಮೇಲಷ್ಟೇ ಮನೆ ಹೊರಗಿನಿಂದ ಹೇಗೆ ಕಾಣುತ್ತದೆಂದು ನೋಡಿದ. ಈ ಮನೆಯ ಮುಖ ಕೊನೆಗೆ ಹುಟ್ಟಿದ್ದು. ಆದ್ದರಿಂದಲೇ ಒಳಗೆ ಓಡಾಡುವವರಿಗೆ ದಿಕ್ಕು ತಪ್ಪುತ್ತದೆ. ಬಾಗಿಲು ದಾಟಿದರೆ ಮೂರು ಮೆಟ್ಟಿಲು ಇಳಿಯಬೇಕೋ, ಐದು ಹತ್ತಬೇಕೋ ಯಾರಿಗೆ ಗೊತ್ತು? ಅಷ್ಟೇ ಅಲ್ಲ, ಆ ಜಾಗದಲ್ಲಿ ಮೊದಲೇ ಇದ್ದ 18ನೇ ಶತಮಾನದ ತೋಟದ ಮನೆಯೊಂದನ್ನು ಕೆಡವದೆ ಹಾಗೇ ಕಾಂಕ್ರೀಟಿನೊಳಗೆ ನುಂಗಿಸಿಬಿಟ್ಟಿದ್ದಾನೆ. ಮನೆಯ ಹೊಟ್ಟೆಯಲ್ಲಿ ಇನ್ನೊಂದು ಮನೆ!

ಈಗ ಕತ್ತೆತ್ತಿ. ಕೊಲಂಬಸ್ ಕೋಣೆಯ ಕಮಾನು ಛಾವಣಿಯ ತುಂಬ ಟೈಲ್ಸು. ಹೊಸ ಜಗತ್ತನ್ನು ಕಂಡವರ ಕಥೆ ತಲೆಯ ಮೇಲೆ ಬಣ್ಣಬಣ್ಣವಾಗಿ ಹರಡಿದೆ. ಬಾಗಿದ ಛಾವಣಿಗೆ ಕೆಳಗಿನಿಂದ ಇಷ್ಟೊಂದು ಬಿಲ್ಲೆ ಅಂಟಿಸಿದ್ದು ಹೇಗಪ್ಪಾ? ಅಂಟಿಸಿಯೇ ಇಲ್ಲ! ನಮ್ಮ ಮೇಸ್ತ್ರಿಗಳು ಮೋಲ್ಡ್ ಹಾಕುವ ಮುನ್ನ ಸೆಂಟ್ರಿಂಗ್ ಕಟ್ಟುತ್ತಾರಲ್ಲ, ಮರ್ಸರ್ ಕೂಡ ಹಾಗೇ ಕಂಬ ಕೊಟ್ಟು ಹಲಗೆ ಹಾಸಿದ. ಹಲಗೆಯ ಮೇಲೆ ಮಣ್ಣು ಸುರಿದು, ಕಮಾನು ಎಷ್ಟು ಬಾಗಬೇಕೋ ಅಷ್ಟು ಗುಡ್ಡೆ ಮಾಡಿ ತಟ್ಟಿದ. ಅದರ ಮೇಲೆ ಟೈಲ್ಸುಗಳನ್ನು ಬೋರಲಾಗಿ ಜೋಡಿಸಿ, ಬೆನ್ನಿನ ಮೇಲೆ ಕಾಂಕ್ರೀಟ್ ಸುರಿದ. ಗಟ್ಟಿಯಾದ ಮೇಲೆ ಹಲಗೆ ತೆಗೆದರೆ ಮಣ್ಣು ದಬದಬ ಉದುರಿ, ಸಂಕ್ರಾಂತಿಯ ಸಕ್ಕರೆ ಅಚ್ಚು ಬಿಚ್ಚಿದಂತೆ ಚಿತ್ರವೆಲ್ಲ ಒಮ್ಮೆಗೇ ಹೊರಬಂತು! ಕಾಂಕ್ರೀಟ್ ಬಿದ್ದ ಮೇಲೆ ತಿದ್ದುವ ಮಾತೇ ಇಲ್ಲ; ಎಂಥ ಎದೆಗಾರಿಕೆ! ಮನೆಯ ಹಲವೆಡೆ ಸೆಂಟ್ರಿಂಗ್ ಹಲಗೆಯ ಗೆರೆಗಳು ಕಾಂಕ್ರೀಟಿನ ಮೇಲೆ ಇನ್ನೂ ಇವೆ. ಅವನ್ನು ಮುಚ್ಚಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

ಅವನದೇ ಕಾರ್ಖಾನೆಯ ಟೈಲ್ಸುಗಳ ನಡುವೆ ಚೀನಾದ್ದು, ಪರ್ಷಿಯಾದ್ದು, ಹಾಲೆಂಡಿನದು. ಇವೆಲ್ಲಕ್ಕಿಂತ ಬೆಚ್ಚಿಬೀಳಿಸುವುದು ಬ್ಯಾಬಿಲೋನಿನ ಬೆಣೆಲಿಪಿಯ ಮಣ್ಣಿನ ಫಲಕಗಳು. ಸಾವಿರಾರು ವರ್ಷ ಹಳೆಯ ಬರಹವನ್ನು ಸಿಮೆಂಟಿನಲ್ಲಿ ಹುಗಿದಿದ್ದಾನೆ! ಪುರಾತತ್ವ ಬಲ್ಲವನೇ ಹೀಗೆ ಮಾಡಬಹುದೇ ಎಂದು ನನಗಂತೂ ಹೊಟ್ಟೆ ಕಿವುಚುತ್ತದೆ. ಆದರೂ ಕಣ್ಣು ಕೀಳಲಾಗುವುದಿಲ್ಲ. ಗ್ರಂಥಾಲಯದಲ್ಲಿ 6,000ಕ್ಕೂ ಹೆಚ್ಚು ಪುಸ್ತಕ, ಅವುಗಳಲ್ಲಿ ಅವನದೇ ಟಿಪ್ಪಣಿಗಳು.

ಇಷ್ಟೊಂದು ಕಾಂಕ್ರೀಟ್ ಯಾಕೆ? ಬೆಂಕಿಯ ಭಯ. ತಾಯಿಯ ಅದೇ ಸೋದರಿಗೆ ಸೇರಿದ್ದ ಮಧ್ಯಯುಗದ ಕವಚ-ಆಯುಧಗಳು 1872ರ ಬೋಸ್ಟನ್ ಮಹಾ ಅಗ್ನಿದುರಂತದಲ್ಲಿ ಹೋದವು. ಆಗ ಹುಡುಗನಾಗಿದ್ದ ಮರ್ಸರ್ ಅದನ್ನು ಮರೆಯಲಿಲ್ಲ. ಮನೆ ಎದ್ದ ಮೇಲೆ ತನ್ನ ಛಾವಣಿಯ ಮೇಲೆ ತಾನೇ ಸೌದೆ ಒಟ್ಟಿ ಬೆಂಕಿ ಹಚ್ಚಿಸಿ ಉರಿಸಿ ತೋರಿಸಿದ! ಮನೆಗೆ ಏನೂ ಆಗಲಿಲ್ಲ. ಮದುವೆಯಾಗದ ಮರ್ಸರ್ 1930ರಲ್ಲಿ ಇದೇ ಮನೆಯಲ್ಲಿ ತೀರಿಕೊಂಡ. ಇಂದು ಇದು ಜನರಿಗೆ ತೆರೆದಿಟ್ಟ ಮ್ಯೂಸಿಯಂ, ದೇಶದ ಐತಿಹಾಸಿಕ ಸ್ಮಾರಕ.

ಇಷ್ಟಕ್ಕೇ ಮುಗಿಯಿತೆಂದುಕೊಳ್ಳಬೇಡಿ. ಅಂಗಳದಾಚೆ ಅವನ ಟೈಲ್ಸ್ ಕಾರ್ಖಾನೆಯಿದೆ, ಅದೂ ಕಾಂಕ್ರೀಟೇ, ಇಂದಿಗೂ ಅಲ್ಲಿ ಟೈಲ್ಸ್ ಮಾಡುತ್ತಾರೆ. ಊರೊಳಗೆ 1916ರಲ್ಲಿ ಮುಗಿದ ಮೂರನೆಯ ಕಾಂಕ್ರೀಟ್ ಅದ್ಭುತ, ಮರ್ಸರ್ ಮ್ಯೂಸಿಯಂ. ಯಂತ್ರಗಳು ಬಂದು ಮೂಲೆಗೆ ತಳ್ಳಿದ ಕೈಕಸುಬಿನ ಸಲಕರಣೆಗಳನ್ನೆಲ್ಲ ಹೆಕ್ಕಿ ತಂದು ಅಲ್ಲಿ ತುಂಬಿದ್ದಾನೆ. ನಡುವಿನ ಎತ್ತರದ ಹಜಾರದಲ್ಲಿ ತಿಮಿಂಗಿಲ ಬೇಟೆಯ ದೋಣಿಯೂ ಸಾಮಾನಿನ ಬಂಡಿಯೂ ಛಾವಣಿಯಿಂದ ನೇತಾಡುತ್ತಿವೆ. ಅಲ್ಲೊಂದು ಕಡೆ ಮೆಟ್ಟಿಲಿನ ಹಸಿ ಕಾಂಕ್ರೀಟನ್ನು ತುಳಿದುಕೊಂಡು ಹೋದದ್ದು ಅವನ ನಾಯಿ ರೋಲೋ. ಪಂಜದ ಗುರುತುಗಳನ್ನು ಯಾರೂ ಅಳಿಸಿಲ್ಲ.