ನಮ್ಮ ಬಸ್ ಸ್ಟಾಪು ನಕ್ಷೆಯಲ್ಲಿ ಇದೆಯಾ?

ನಂಜನಗೂಡಿಗೆ ಬಸ್ಸೂ ಇದೆ, ರೈಲೂ ಇದೆ. ಟಿ. ನರಸೀಪುರಕ್ಕೆ ರೈಲಿಲ್ಲ. ಅಲ್ಲಿಂದ ಮೈಸೂರಿಗೆ ಹೋಗಲಿ, ನಂಜನಗೂಡಿಗೆ ಹೋಗಲಿ, ನಮಗೆ ಬಸ್ಸೇ ಗತಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದೊಳಗೆ ದುಡ್ಡಿಲ್ಲದೆ ಓಡಾಡಬಹುದು ಎಂದಾಯಿತು. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಡ್ತಾರೆ.

ಬಸ್ಸು ಊರಿಗೂ ಒಳ್ಳೆಯದು. ಒಂದು ಬಸ್ಸಿನಲ್ಲಿ 50 ಜನ ಕೂರ್ತಾರೆ. ಅವರೆಲ್ಲ ಇಬ್ಬಿಬ್ಬರಂತೆ ಬೈಕಿನಲ್ಲಿ ಹೊರಟರೆ 25 ಬೈಕು ಬೇಕು. ರಸ್ತೆ ತುಂಬಾ ಹೊಗೆ, ಗದ್ದಲ.

ಆದರೆ ಬಸ್ಸು ಹತ್ತೋಕೆ ಮೊದಲು ನಡೀಬೇಕಲ್ಲ? ಸ್ಟಾಪಿನಲ್ಲಿ ಕಾಯಬೇಕಲ್ಲ? ಅಲ್ಲಿ ನೆರಳಿದೆಯಾ? ಸಂಜೆ ದೀಪ ಉರಿಯುತ್ತಾ? ಹತ್ತಿರ ಶೌಚಾಲಯ ಇದೆಯಾ? ಗಂಡಸರು ಹೆಚ್ಚಾಗಿ ಮನೆಯಿಂದ ಕೆಲಸಕ್ಕೆ ಹೋಗಿ, ಕೆಲಸದಿಂದ ಮನೆಗೆ ಬರ್ತಾರೆ. ನಾವು ಮಗುವನ್ನು ಶಾಲೆಗೆ ಬಿಟ್ಟು, ಆಸ್ಪತ್ರೆಗೆ ಹೋಗಿ, ರೇಷನ್ ತಗೊಂಡು ಮನೆ ಸೇರ್ತೀವಿ. ಹೆಂಗಸರ ಓಡಾಟ ಹೀಗೆ ಹಲವು ಕಡೆ ನಿಂತು ಸಾಗುತ್ತದೆ ಅಂತ ಸಂಶೋಧನೆ ಮಾಡಿದವರೂ ಬರೆದಿದ್ದಾರೆ. ನಮಗಿದು ಹೊಸ ಸುದ್ದಿ ಅಲ್ಲ ಬಿಡಿ!

ಇದೆಲ್ಲ ನಕ್ಷೆಯಲ್ಲಿ ಬರುತ್ತಾ? ನಕ್ಷೆ ಬರೆಯೋರು ಯಾರು ಅನ್ನೋದರ ಮೇಲೆ ಹೋಗುತ್ತದೆ.

ನಮ್ಮಲ್ಲಿ ಒಬ್ಬರ ಬಾಗಿಲಿನ ರಂಗೋಲಿ ನೋಡಿ ಇನ್ನೊಬ್ಬರು ಪುಸ್ತಕದಲ್ಲಿ ಬರ್ಕೋತಾರೆ. ಒಂದು ಎಳೆ ಸೇರಿಸ್ತಾರೆ. ಯಾರೂ ಬೇಡ ಅನ್ನಲ್ಲ. ಕಂಪ್ಯೂಟರ್ ಲೋಕದಲ್ಲೂ ಇಂಥ ಕೆಲಸ ಉಂಟು. ಅದನ್ನು ಮುಕ್ತ ತಂತ್ರಾಂಶ ಅಂತಾರೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಇದೇ ರೀತಿಯಲ್ಲಿ ಎಲ್ಲರೂ ಸೇರಿ ಬರೆಯುವ ನಕ್ಷೆ ಒಂದಿದೆ. ಅದರ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಶುರು ಮಾಡಿದರು. ಈಗ ಪ್ರಪಂಚದ ಎಲ್ಲ ಕಡೆಯವರೂ ಬರೀತಾರೆ. ಊರಿನ ಹೆಸರನ್ನು ಕನ್ನಡದಲ್ಲೂ ಬರೆಯಬಹುದು.

ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಒಳಗೆ ಹೋದ ಹೆಂಗಸರು ಬಹಳ ಕಡಿಮೆ. ಅದರಿಂದ ಏನಾಗುತ್ತೆ ನೋಡಿ. ದುಡಿಯೋ ತಾಯಂದಿರು ಮಗು ಬಿಡುವ ಜಾಗಕ್ಕೆ ಈ ನಕ್ಷೆಯಲ್ಲಿ ಬೇರೆ ಗುರುತು ಬೇಕು ಅಂತ 2011ರಲ್ಲಿ ಕೇಳಿದರು. ಮತ ಹಾಕಿದವರು ಮೊದಲು ಒಪ್ಪಲಿಲ್ಲ. ಶಿಶುವಿಹಾರದ ಗುರುತು ಇದೆಯಲ್ಲ, ಸಾಕು ಅಂದರು. ಮೋನಿಕಾ ಸ್ಟೀಫನ್ಸ್ ಎಂಬ ಸಂಶೋಧಕಿ ಇದನ್ನು 2013ರಲ್ಲಿ ಎತ್ತಿ ತೋರಿಸಿದರು. ಈಗ ಆ ಗುರುತು ಬಳಕೆಯಲ್ಲಿದೆ. ಮಗು ಎತ್ತಿಕೊಂಡು ಬಸ್ಸಿಗೆ ಓಡಿದವರು ಆ ಮತದಲ್ಲಿ ಹೆಚ್ಚಿದ್ದಿದ್ದರೆ ಮೊದಲ ಸಲವೇ ಸಿಗ್ತಿತ್ತು ಅಂತ ನಮ್ಮ ಅಭಿಪ್ರಾಯ.

ಹಾಗಾದರೆ ನಾವು ಹೇಗೆ ಬರೆಯೋದು? ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ಮೊಬೈಲಿಗೆ ಹಾಕಿಕೊಂಡು ಸ್ಟಾಪಿನ ಹತ್ತಿರ ನಿಂತರೆ ಅದೇ ಕೇಳುತ್ತದೆ. ಇಲ್ಲಿ ಚಾವಣಿ ಇದೆಯಾ? ಕೂರೋಕೆ ಬೆಂಚ್ ಇದೆಯಾ? ದೀಪ ಇದೆಯಾ? ನೋಡಿ ಉತ್ತರ ಒತ್ತಬೇಕು. ಮೊದಲ ಸಲ ಮನೆಯ ಮಕ್ಕಳನ್ನು ಜೊತೆಗೆ ಕರ್ಕೊಳ್ಳಿ. ತಪ್ಪಾದರೆ ಹೆದರಬೇಡಿ, ಇನ್ನೊಬ್ಬರು ತಿದ್ದುತ್ತಾರೆ.

ನಕ್ಷೆಯಲ್ಲಿ ಬರೆದ ಮಾತ್ರಕ್ಕೆ ಚಾವಣಿ ಎದ್ದು ನಿಲ್ಲಲ್ಲ. ಆದರೆ ಯಾವ ಸ್ಟಾಪಿಗೆ ಏನಿಲ್ಲ ಅನ್ನೋದು ನಮ್ಮ ಕೈಯಲ್ಲೇ ಲೆಕ್ಕವಾಗಿ ಇರುತ್ತದೆ. ನಂಜನಗೂಡಿನವರು ಅದನ್ನು ಅರ್ಜಿಗೆ ಸೇರಿಸಿ ನಗರಸಭೆಗೆ ಕೊಡಬಹುದು, ಟಿ. ನರಸೀಪುರದವರು ಪುರಸಭೆಗೆ, ಹಳ್ಳಿಯವರು ಪಂಚಾಯಿತಿಗೆ. ಅರ್ಜಿಯ ಕೆಳಗೆ ಹೆಬ್ಬೆಟ್ಟು ಬೇಡ, ನಮ್ಮ ಸಹಿ ಹಾಕೋಣ. ಕೊಟ್ಟ ದಿನಾಂಕ ಬರೆಸಿಕೊಂಡು ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳೋಣ.